ಗಟ್ಟಿ ವಿಷಯ, ಜೊಳ್ಳು ವಿಷಯ

ಇಂಗ್ಲೆಂಡಿನ ಎ ಲೆವೆಲ್‌ನಲ್ಲಿ, ಅಂದರೆ ಸಾಮಾನ್ಯವಾಗಿ ಮೂರು ವಿಷಯ ಆರಿಸಿಕೊಂಡು ಬರೆಯುವ ಶಾಲೆಯ ಕೊನೆಯ ಪರೀಕ್ಷೆಯಲ್ಲಿ, ಅರ್ಥಶಾಸ್ತ್ರ ಓದಿದವರನ್ನು ಯಾವ ದೊಡ್ಡ ವಿಶ್ವವಿದ್ಯಾಲಯವೂ ಹಗುರವಾಗಿ ಕಾಣುವುದಿಲ್ಲ. ಆದರೂ 2011ರಲ್ಲಿ ಅಲ್ಲಿನ ರಸೆಲ್ ಗ್ರೂಪ್, ಅಂದರೆ ಸಂಶೋಧನೆಗೆ ಹೆಸರಾದ ವಿಶ್ವವಿದ್ಯಾಲಯಗಳ ಕೂಟ, ವಿದ್ಯಾರ್ಥಿಗಳಿಗೆಂದು ಹೊರತಂದ ಕೈಪಿಡಿಯ ಒಂದು ಪಟ್ಟಿಯಲ್ಲಿ ಅರ್ಥಶಾಸ್ತ್ರದ ಹೆಸರಿರಲಿಲ್ಲ. ದಾರಿ ಸುಗಮ ಮಾಡಿಕೊಡುವ ವಿಷಯಗಳ ಪಟ್ಟಿ ಅದು. ಗಣಿತ, ಫರ್ದರ್ ಮ್ಯಾಥ್ಸ್ ಎಂಬ ಇನ್ನೂ ಮೇಲಿನ ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ, ಇಂಗ್ಲಿಷ್ ಸಾಹಿತ್ಯ, ಇತಿಹಾಸ, ಭೂಗೋಳ, ಮತ್ತೆ ಹಳೆಯ ಹಾಗೂ ಆಧುನಿಕ ಭಾಷೆಗಳು. ಇಷ್ಟೇ. ಸಂಗೀತ ಇಲ್ಲ, ಕಾನೂನು ಇಲ್ಲ, ಧರ್ಮಗಳ ಅಧ್ಯಯನವೂ ಇಲ್ಲ.

ಪಟ್ಟಿ ಮಾಡಿದವರ ಲೆಕ್ಕ ಸರಳವಾಗಿತ್ತು. ಎಷ್ಟು ಪದವಿಗಳು ಒಂದು ವಿಷಯವನ್ನು ಕಡ್ಡಾಯವಾಗಿ ಕೇಳುತ್ತವೆ ಎಂಬುದನ್ನು ಅವರು ಎಣಿಸಿದರು. ಎಂಜಿನಿಯರಿಂಗಿಗೆ ಗಣಿತ ಬೇಕು, ಸಾಮಾನ್ಯವಾಗಿ ಭೌತಶಾಸ್ತ್ರವೂ ಬೇಕು. ಬಹುತೇಕ ವೈದ್ಯಕೀಯ ಕಾಲೇಜುಗಳು ರಸಾಯನಶಾಸ್ತ್ರ ಕೇಳುತ್ತವೆ. ಫ್ರೆಂಚ್ ಪದವಿಗೆ ಸಾಮಾನ್ಯವಾಗಿ ಫ್ರೆಂಚ್ ಬಂದಿರಬೇಕು. ಅರ್ಥಶಾಸ್ತ್ರದ ಪದವಿ ಕೇಳುವುದೋ ಗಣಿತವನ್ನು. ಅರ್ಥಶಾಸ್ತ್ರವನ್ನು ಮೊದಲ ವರ್ಷದಲ್ಲಿ ಬುಡದಿಂದ ಕಲಿಸುತ್ತಾರೆ. ಕಾನೂನಿನದೂ ಅದೇ ಕಥೆ. ಅದನ್ನು ಹದಿನೇಳನೇ ವಯಸ್ಸಿಗೇ ಓದಿಕೊಂಡು ಬನ್ನಿ ಎಂದು ಕಾನೂನು ವಿಭಾಗಗಳು ಹೇಳುವುದಿಲ್ಲ. ಹಾಗಾಗಿ ಅವು ಪಟ್ಟಿಯಿಂದ ಹೊರಗೆ. ಬೀಗಗಳನ್ನು ಎಣಿಸಿ ಮಾಡಿದ ಪಟ್ಟಿ ಅದು, ಬೀಗದಕೈಗಳ ಬೆಲೆ ಕಟ್ಟಿ ಮಾಡಿದ್ದಲ್ಲ.

ಓದಿದವರು ಅದನ್ನು ಹಾಗೆ ಓದಲಿಲ್ಲ. ಶಾಲೆಗಳು, ಪೋಷಕರು, ಪತ್ರಿಕೆಗಳು ಎಲ್ಲರೂ ಮರ್ಯಾದೆಯ ಪಟ್ಟಿ ಎಂದೇ ಹಿಡಿದುಕೊಂಡರು. ಸರ್ಕಾರವೂ ಒಂದು ಹೆಜ್ಜೆ ಮುಂದೆ ಹೋಗಿ, ಇವುಗಳಲ್ಲಿ ಕನಿಷ್ಠ ಎರಡು ವಿಷಯ ಸೇರಿದಂತೆ ಎ, ಎ, ಬಿ ಗ್ರೇಡ್ ಪಡೆದವರು ಎಷ್ಟು ಮಂದಿ ಎಂಬುದನ್ನು ಶಾಲೆಗಳ ಸಾಧನಾ ಪಟ್ಟಿಯಲ್ಲಿ ಪ್ರಕಟಿಸಲು ಶುರುಮಾಡಿತು. ಪಟ್ಟಿಯ ಹೊರಗಿದ್ದವು ಎರಡನೇ ಪಂಕ್ತಿಗೆ ಬಿದ್ದವು. 2019ರ ಮೇ ತಿಂಗಳಲ್ಲಿ ರಸೆಲ್ ಗ್ರೂಪ್ ಪಟ್ಟಿಯನ್ನೇ ಕೈಬಿಟ್ಟು, ಯಾವ ಪದವಿಗೆ ಯಾವ ವಿಷಯ ಬೇಕೆಂದು ಹುಡುಕಿ ನೋಡುವ ಜಾಲತಾಣ ಮಾಡಿತು. ಆ ಜಾಲತಾಣ ಪಟ್ಟಿಗಿಂತ ಎಷ್ಟೋ ಉಪಯುಕ್ತ. ಆದರೆ ಜನರ ನೆನಪಿನಲ್ಲಿ ಉಳಿದಿರುವುದು ಇವತ್ತಿಗೂ ಪಟ್ಟಿಯೇ.

ಒಂದು ವಿಷಯ ಗಟ್ಟಿ ಎನ್ನುವಾಗ ನಾವು ಮೂರು ಬೇರೆಬೇರೆ ಮಾತುಗಳನ್ನು ಒಂದೇ ಉಸಿರಿನಲ್ಲಿ ಹೇಳುತ್ತಿರುತ್ತೇವೆ. ಇದರಲ್ಲಿ ಒಳ್ಳೆಯ ಗ್ರೇಡ್ ಪಡೆಯುವುದು ಕಷ್ಟ ಎಂಬುದು ಒಂದು. ಮುಂದಿನ ಓದಿಗೆ ಇದಿಲ್ಲದೆ ಆಗುವುದಿಲ್ಲ ಎಂಬುದು ಇನ್ನೊಂದು. ಚುರುಕಾದ ಮಕ್ಕಳು ಇದನ್ನೇ ಆರಿಸುತ್ತಾರೆ ಎಂಬುದು ಮೂರನೆಯದು. ಮೂರೂ ಕೂಡಿ ಬರುವ ವಿಷಯ ಭೌತಶಾಸ್ತ್ರದಂಥವು ಕೆಲವೇ. ಉಳಿದ ಕಡೆ ಅವು ಒಂದೊಂದು ದಿಕ್ಕಿಗೆ ಎಳೆಯುತ್ತವೆ. ಯಾವ ಮಾತನ್ನು ಯಾರು ಹೇಳುತ್ತಿದ್ದಾರೆ ಎಂದು ಬಿಡಿಸಿ ನೋಡದೆ ವಿಷಯ ಆರಿಸಿಕೊಂಡವರಿಗೆ ಪೆಟ್ಟು ಬೀಳುವುದು ಇಲ್ಲೇ.

ಮೊದಲು ಕಷ್ಟದ ಮಾತು. ಒಂದು ವಿಷಯ ಇನ್ನೊಂದಕ್ಕಿಂತ ಕಷ್ಟ ಎಂದು ಅಳೆಯುವುದು ಹೇಗೆ? ಶೇಕಡಾವಾರು ತೇರ್ಗಡೆ ನೋಡಿದರೆ ಆಗದು. ಫರ್ದರ್ ಮ್ಯಾಥ್ಸ್‌ನಲ್ಲಿ ಎ ಮತ್ತು ಎ ಸ್ಟಾರ್ ಗ್ರೇಡುಗಳ ಪ್ರಮಾಣ ತುಂಬಾ ಹೆಚ್ಚು. ಅದು ಸುಲಭ ಎಂದಲ್ಲ, ಗಣಿತದಲ್ಲಿ ಪಳಗಿದವರು ಮಾತ್ರ ಅಲ್ಲಿಗೆ ಬರುತ್ತಾರೆ ಎಂದು. ಆದ್ದರಿಂದ ಸಂಶೋಧಕರು ಬೇರೆ ದಾರಿ ಹಿಡಿಯುತ್ತಾರೆ. ಎರಡೂ ವಿಷಯಗಳನ್ನು ತೆಗೆದುಕೊಂಡ ಅದದೇ ವಿದ್ಯಾರ್ಥಿಗಳನ್ನು ಆರಿಸಿ, ಅವರ ಸರಾಸರಿ ಗ್ರೇಡನ್ನು ಎರಡರಲ್ಲೂ ಹೋಲಿಸುತ್ತಾರೆ. ರಸಾಯನಶಾಸ್ತ್ರ ಮತ್ತು ಸಮಾಜಶಾಸ್ತ್ರ ಎರಡನ್ನೂ ಬರೆದವರು ಮೊದಲನೆಯದರಲ್ಲಿ ಒಂದು ಗ್ರೇಡ್ ಕೆಳಗಿದ್ದರೆ ಆ ವಿಷಯ ಅಷ್ಟು ಬಿಗಿ ಎಂದು ಲೆಕ್ಕ. ಎಲ್ಲ ಜೋಡಿಗಳನ್ನೂ ಹೀಗೆ ಕೂಡಿಸಿದರೆ ಒಂದು ಏಣಿ ಸಿಗುತ್ತದೆ. 2008ರಲ್ಲಿ ಡರಂ ವಿಶ್ವವಿದ್ಯಾಲಯದವರು ಮಾಡಿದ ಇಂಥ ಅಧ್ಯಯನದಲ್ಲಿ ವಿಜ್ಞಾನ ಮತ್ತು ಗಣಿತದ ವಿಷಯಗಳು ಏಣಿಯ ಮೇಲ್ಭಾಗದಲ್ಲಿದ್ದವು.

ಈ ವಿಧಾನಕ್ಕೂ ಒಂದು ತೂತಿದೆ. ಒಬ್ಬನೇ ವಿದ್ಯಾರ್ಥಿ ಎರಡು ವಿಷಯಗಳಿಗೆ ಒಂದೇ ಸಮನೆ ಬೆವರು ಸುರಿಸಿರುತ್ತಾನೆ ಎಂದು ಅದು ನಂಬಿಕೊಂಡಿದೆ. ಒಂದಕ್ಕೆ ಒಳ್ಳೆಯ ಶಿಕ್ಷಕರು, ಇನ್ನೊಂದಕ್ಕೆ ವರ್ಷದ ನಡುವೆ ಬದಲಾದ ಶಿಕ್ಷಕರು, ಒಂದರ ಮೇಲೆ ಪ್ರೀತಿ, ಇನ್ನೊಂದು ಅಪ್ಪ ಹೇಳಿದ್ದಕ್ಕೆ ತೆಗೆದುಕೊಂಡದ್ದು: ಇವೆಲ್ಲ ಲೆಕ್ಕದಲ್ಲಿ ಕಾಣಿಸುವುದಿಲ್ಲ. ಭಾಷೆಗಳಲ್ಲಂತೂ ಮನೆಮಾತಾಗಿ ಜರ್ಮನ್ ಆಡುವ ಮಗು, ತರಗತಿಯಲ್ಲಿ ಜರ್ಮನ್ ಕಲಿತ ಮಗುವಿನ ಪಕ್ಕದಲ್ಲೇ ಕೂತು ಬರೆಯುತ್ತದೆ. ಇದನ್ನು ಪರಿಶೀಲಿಸಿದ ಮೇಲೆ ಇಂಗ್ಲೆಂಡಿನ ಪರೀಕ್ಷಾ ನಿಯಂತ್ರಕ ಸಂಸ್ಥೆ ಆಫ್‌ಕ್ವಾಲ್ 2017ರಲ್ಲಿ ಎ ಲೆವೆಲ್ ಫ್ರೆಂಚ್, ಜರ್ಮನ್, ಸ್ಪ್ಯಾನಿಷ್‌ಗಳ ಮೇಲಿನ ಗ್ರೇಡುಗಳನ್ನು ಸ್ವಲ್ಪ ಸಡಿಲಿಸಿತು. ಮರುವರ್ಷ ಅದೇ ಮೂರು ಭಾಷೆಗಳು ಮತ್ತು ಮೂರು ವಿಜ್ಞಾನಗಳ ಬಿಗಿಯನ್ನು ಒಟ್ಟಾಗಿ ಸರಿಪಡಿಸಬೇಕೇ ಎಂಬ ಪ್ರಶ್ನೆ ಬಂದಾಗ ಬೇಡವೆಂದಿತು. 2019ರಲ್ಲಿ ಕೆಳಹಂತದ ಜಿಸಿಎಸ್‌ಇ ಪರೀಕ್ಷೆಯ ಫ್ರೆಂಚ್ ಮತ್ತು ಜರ್ಮನ್ ಗ್ರೇಡುಗಳನ್ನು ಸ್ಪ್ಯಾನಿಷ್‌ನ ಮಟ್ಟಕ್ಕೆ ತರುವುದಕ್ಕೆ ಒಪ್ಪಿತು. ಬಿಗಿ ಇದೆ ಎಂದು ಗೊತ್ತಿದ್ದೂ ಒಂದು ಕಡೆ ತಿದ್ದಿ ಇನ್ನೊಂದು ಕಡೆ ಬಿಟ್ಟದ್ದು ವಿಚಿತ್ರವಾಗಿ ಕಾಣಬಹುದು. ಆದರೆ ಒಂದು ವಿಷಯದ ಗ್ರೇಡಿನ ಅರ್ಥ ಬದಲಾಯಿಸಿದರೆ ಹಿಂದಿನ ವರ್ಷದವರಿಗೆ ಅನ್ಯಾಯ, ಬದಲಾಯಿಸದಿದ್ದರೆ ಪಕ್ಕದ ವಿಷಯದವರೊಡನೆ ಅನ್ಯಾಯ. ಎರಡೂ ದಡ ಒಟ್ಟಿಗೆ ಸಿಗುವಂಥದ್ದಲ್ಲ.

ಹಾಗಾದರೆ ಬಿಗಿಯನ್ನು ಅಂಕದಲ್ಲೇ ಸರಿದೂಗಿಸಿಬಿಟ್ಟರೆ? ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ ಅದನ್ನೇ ಮಾಡುತ್ತದೆ. ಅಲ್ಲಿ ಪ್ರತಿ ವಿಷಯದಲ್ಲೂ ವಿದ್ಯಾರ್ಥಿಗೆ 50ರೊಳಗೆ ಒಂದು ಅಂಕ ಸಿಗುತ್ತದೆ. ವಿಷಯ ಯಾವುದಾದರೂ ಸರಾಸರಿ 30, ಮಾನಕ ವಿಚಲನೆ (ಅಂಕಗಳು ಸರಾಸರಿಯಿಂದ ಚದುರುವ ಅಳತೆ) 7ರ ಸುತ್ತ ಇರುವಂತೆ ಅದನ್ನು ಕೂರಿಸುತ್ತಾರೆ. ಅಂದರೆ ಅಡುಗೆಯ ವಿಷಯದಲ್ಲಿ 30 ಬಂದರೂ, ಸ್ಪೆಷಲಿಸ್ಟ್ ಮ್ಯಾಥಮ್ಯಾಟಿಕ್ಸ್ ಎಂಬ ಮೇಲಿನ ಗಣಿತದಲ್ಲಿ 30 ಬಂದರೂ ಅರ್ಥ ಒಂದೇ: ಆ ವಿಷಯ ಬರೆದವರ ನಡುವೆ ನೀವು ಸರಿಸುಮಾರು ಮಧ್ಯದಲ್ಲಿದ್ದೀರಿ. ಆಮೇಲೆ ಸ್ಕೇಲಿಂಗ್. ಒಂದು ವಿಷಯ ಬರೆದವರೆಲ್ಲ ತಮ್ಮ ಉಳಿದ ವಿಷಯಗಳಲ್ಲಿ ಸರಾಸರಿ ಎಷ್ಟು ಪಡೆದಿದ್ದಾರೆ ಎಂದು ನೋಡಿ, ಈ ವಿಷಯದ ಸರಾಸರಿಯನ್ನು ಅಲ್ಲಿಗೆ ಏರಿಸುತ್ತಾರೆ ಅಥವಾ ಇಳಿಸುತ್ತಾರೆ. ಅವರು ಬೇರೆ ಕಡೆ ಸರಾಸರಿ 36 ಪಡೆದಿದ್ದರೆ ಇಲ್ಲಿನ 30 ಸುಮಾರು 36 ಆಗುತ್ತದೆ. ಬೇರೆ ಕಡೆ 26 ಇದ್ದರೆ 26ಕ್ಕೆ ಇಳಿಯುತ್ತದೆ. ಪಠ್ಯದಲ್ಲಿ ಏನಿದೆ, ಪ್ರಶ್ನೆ ಎಷ್ಟು ಕಠಿಣ ಎಂಬುದನ್ನು ಈ ಲೆಕ್ಕ ನೋಡುವುದೇ ಇಲ್ಲ. ಪಕ್ಕದಲ್ಲಿ ಕೂತವರು ಯಾರು ಎಂಬುದನ್ನಷ್ಟೇ ನೋಡುತ್ತದೆ.

ಇಲ್ಲಿ ಎಲ್ಲರೂ ಮಾಡುವ ತಪ್ಪೊಂದಿದೆ. ಸ್ಪೆಷಲಿಸ್ಟ್ ಮ್ಯಾಥ್ಸ್ ಏರುತ್ತದೆ, ಆದ್ದರಿಂದ ಅದನ್ನು ತೆಗೆದುಕೊಂಡರೆ ಲಾಭ ಎಂಬ ಲೆಕ್ಕಾಚಾರ. ಏರುವುದು ನಿಜ. ಆದರೆ ಏರುವ ಮುಂಚೆ ನೀವು ಪೈಪೋಟಿ ನಡೆಸಬೇಕಾದದ್ದು ರಾಜ್ಯದ ಅತ್ಯಂತ ಚುರುಕಾದ ಗಣಿತಿಗಳ ಜೊತೆ. ಬೇರೆ ವಿಷಯದಲ್ಲಿ 36 ಪಡೆಯುವ ನೀವು ಅಲ್ಲಿ 30ಕ್ಕೆ ನಿಲ್ಲುತ್ತೀರಿ. ಸ್ಕೇಲಿಂಗ್ ನಿಮ್ಮನ್ನು 36ಕ್ಕೆ ತಂದು ಬಿಡುತ್ತದೆ. ಹೊರಟ ಜಾಗಕ್ಕೇ ಬಂದಿರಿ, ನಡುವೆ ಒಂದು ವರ್ಷ ಹೈರಾಣಾದಿರಿ. ಉಡುಗೊರೆ ಎಂದು ಕರೆಯಬಹುದಾದದ್ದು ಇಂಗ್ಲಿಷ್ ಅಲ್ಲದ ಭಾಷೆಗಳಿಗೆ ಸಿಗುವಂಥದ್ದು: ಭಾಷೆ ಕಲಿಯುವವರು ಹೆಚ್ಚಲಿ ಎಂಬ ಉದ್ದೇಶದಿಂದ ಅವುಗಳ ಸರಾಸರಿಯನ್ನು 5 ಅಂಕ ಮೇಲಕ್ಕೆ ಎತ್ತುತ್ತಾರೆ. ಅದು ನೀತಿ, ಅಳತೆಯಲ್ಲ. ಇನ್ನು ವಿಶ್ವವಿದ್ಯಾಲಯ ಪ್ರವೇಶಕ್ಕೆ ಕೂಡುವ ಒಟ್ಟು ಲೆಕ್ಕದಲ್ಲಿ ಇಂಗ್ಲಿಷ್ ಮತ್ತು ಅತ್ಯುತ್ತಮ ಮೂರು ವಿಷಯಗಳು ಪೂರ್ತಿಯಾಗಿ ಸೇರುತ್ತವೆ, ಐದನೆಯದು ಮತ್ತು ಆರನೆಯದು ತಲಾ ಶೇ. 10 ಮಾತ್ರ. ಹೀಗಾಗಿ ಐದನೇ ವಿಷಯದ ಸ್ಕೇಲಿಂಗ್ ಬಗ್ಗೆ ರಾತ್ರಿಯೆಲ್ಲ ಚರ್ಚಿಸುವುದು ದಂಡ. ಅಲ್ಲಿ 4 ಅಂಕ ಏರಿದರೂ ಒಟ್ಟಿಗೆ ಸೇರುವುದು 0.4.

ಪಕ್ಕದಲ್ಲಿ ಕೂತವರನ್ನು ನೋಡಿ ಅಂಕ ಕೊಡುವುದು ಎಡವಟ್ಟಾದದ್ದು ಚೀನಾದಲ್ಲಿ. ಈ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. 2014ರಲ್ಲಿ ಅಲ್ಲಿನ ಗಾವ್‌ಕಾವ್ ಎಂಬ ವಿಶ್ವವಿದ್ಯಾಲಯ ಪ್ರವೇಶ ಪರೀಕ್ಷೆಯ ಸುಧಾರಣೆಯನ್ನು ಶಾಂಘೈ ಮತ್ತು ಝೆಜಿಯಾಂಗ್‌ನಲ್ಲಿ ಮೊದಲು ಜಾರಿಗೆ ತಂದರು. ಹೊಸ ಕ್ರಮದ ಮೊದಲ ತಂಡ 2017ರಲ್ಲಿ ಹೊರಬಂತು. ಕಲೆ, ವಿಜ್ಞಾನ ಎಂಬ ಹಳೆಯ ಎರಡು ಗುಂಪುಗಳು ಹೋದವು. ಝೆಜಿಯಾಂಗ್‌ನಲ್ಲಿ ಚೀನಿ, ಗಣಿತ, ವಿದೇಶಿ ಭಾಷೆಗೆ ತಲಾ 150 ಅಂಕ. ಜೊತೆಗೆ ಏಳು ವಿಷಯಗಳಲ್ಲಿ ಯಾವುದಾದರೂ ಮೂರು, ತಲಾ 100. ಒಟ್ಟು 35 ಬಗೆಯ ಸಂಯೋಜನೆ. ಕಾಗದದ ಮೇಲೆ ಸ್ವಾತಂತ್ರ್ಯವೋ ಸ್ವಾತಂತ್ರ್ಯ. ಆದರೆ ಆರಿಸಿದ ಮೂರು ವಿಷಯಗಳ ಅಂಕವನ್ನು ಬರೆದಷ್ಟೇ ಕೊಡುತ್ತಿರಲಿಲ್ಲ. ಬರೆದವರನ್ನು ರ‍್ಯಾಂಕ್ ಪ್ರಕಾರ 21 ಮೆಟ್ಟಿಲುಗಳಲ್ಲಿ ನಿಲ್ಲಿಸಿ, ಮೇಲಿನ ಶೇ. 1 ಮಂದಿಗೆ 100, ಅಲ್ಲಿಂದ ಮೂರು ಮೂರು ಅಂಕ ಇಳಿಸುತ್ತಾ ಕೊನೆಯ ಮೆಟ್ಟಿಲಿಗೆ 40.

ಈಗ ಮಧ್ಯಮ ಮಟ್ಟದ ಒಬ್ಬ ವಿದ್ಯಾರ್ಥಿಯ ಜಾಗದಲ್ಲಿ ನಿಂತು ನೋಡಿ. ಭೌತಶಾಸ್ತ್ರಕ್ಕೆ ಘಟಾನುಘಟಿಗಳೆಲ್ಲ ಹೋಗುತ್ತಾರೆ. ಅಲ್ಲಿ ಹೋದರೆ ರ‍್ಯಾಂಕ್ ಕೆಳಗೆ. ಅದೇ ಪರಿಶ್ರಮ ಬೇರೆ ವಿಷಯದಲ್ಲಿ ಹಾಕಿದರೆ ನಾಲ್ಕೈದು ಮೆಟ್ಟಿಲು ಮೇಲೆ. ಅವನು ಭೌತಶಾಸ್ತ್ರ ಬಿಟ್ಟ. ಅವನು ಬಿಟ್ಟದ್ದರಿಂದ ಅವನಿಗಿಂತ ಸ್ವಲ್ಪ ಮೇಲಿದ್ದವನು ಈಗ ತಳಕ್ಕೆ ಬಂದ. ಅವನೂ ಬಿಟ್ಟ. ದಡ ಕುಸಿಯುವುದು ಹೀಗೆಯೇ, ಅಂಚಿನಿಂದ ಒಳಕ್ಕೆ. ಭೌತಶಾಸ್ತ್ರದ ಮರ್ಯಾದೆ ಕೂದಲೆಳೆಯಷ್ಟೂ ಕಡಿಮೆಯಾಗಿರಲಿಲ್ಲ. ಆ ಮರ್ಯಾದೆಯೇ ಜನರನ್ನು ಓಡಿಸಿತ್ತು. 2017ರ ಕೊನೆಗೆ ಝೆಜಿಯಾಂಗ್ ಒಂದು ತಡೆಗೋಡೆ ಕಟ್ಟಿತು: ಭೌತಶಾಸ್ತ್ರ ಬರೆಯುವವರು 65,000ಕ್ಕಿಂತ ಕಡಿಮೆಯಾದರೆ, 65,000 ಮಂದಿ ಬರೆದಿದ್ದಾರೆ ಎಂದುಕೊಂಡೇ ಮೆಟ್ಟಿಲುಗಳನ್ನು ಲೆಕ್ಕ ಹಾಕುವುದು. ಬಿಟ್ಟುಹೋದವರ ಖಾಲಿ ಕುರ್ಚಿಗಳು ತಳದಲ್ಲಿ ಉಳಿದುಕೊಂಡು, ಬರೆದವರನ್ನು ಮೇಲೆ ಹಿಡಿಯುತ್ತವೆ. ಆಮೇಲೆ ಸೇರಿದ ಹೆಚ್ಚಿನ ಪ್ರಾಂತ್ಯಗಳಲ್ಲಿ ಕ್ರಮವನ್ನೇ ಬದಲಿಸಿದರು. ಭೌತಶಾಸ್ತ್ರ ಅಥವಾ ಇತಿಹಾಸ, ಎರಡರಲ್ಲೊಂದು ಕಡ್ಡಾಯ. ಅದರ ಅಂಕ ಬರೆದಷ್ಟೇ ಲೆಕ್ಕಕ್ಕೆ. ಉಳಿದ ಎರಡು ವಿಷಯಕ್ಕೆ ಮಾತ್ರ ರ‍್ಯಾಂಕಿನ ಅಂಕ. ಬಾಗಿಲಿನಿಂದ ಹೊರಹಾಕಿದ್ದ ಕಲೆ ಮತ್ತು ವಿಜ್ಞಾನದ ಗುಂಪುಗಳು ಕಿಟಕಿಯಿಂದ ಅರ್ಧ ಒಳಗೆ ಬಂದವು.

ಐರ್ಲೆಂಡಿನವರು ಮಾಡಿದ್ದು ಇದಕ್ಕೆ ತಿರುಗುಮುರುಗು. ಅವರು ನೇರವಾಗಿ ಬೋನಸ್ ಕೊಟ್ಟರು. ಲೀವಿಂಗ್ ಸರ್ಟಿಫಿಕೇಟ್ ಎಂಬ ಅಲ್ಲಿನ ಶಾಲೆಯ ಕೊನೆಯ ಪರೀಕ್ಷೆಯಲ್ಲಿ ಒಬ್ಬ ವಿದ್ಯಾರ್ಥಿಯ ಅತ್ಯುತ್ತಮ ಆರು ವಿಷಯಗಳ ಪಾಯಿಂಟುಗಳನ್ನು ಕೂಡುತ್ತಾರೆ. ಮೇಲ್ಮಟ್ಟದ ಪತ್ರಿಕೆಯಲ್ಲಿ ಶೇ. 90 ಅಥವಾ ಹೆಚ್ಚು ಬಂದರೆ 100 ಪಾಯಿಂಟ್. 2012ರಿಂದ ಮೇಲ್ಮಟ್ಟದ ಗಣಿತದಲ್ಲಿ ತೇರ್ಗಡೆಯ ಗ್ರೇಡ್ ಸಿಕ್ಕರೆ ಹೆಚ್ಚಿಗೆ 25. ಮೇಲ್ಮಟ್ಟದ ಗಣಿತ ಬರೆಯುವವರು ಅದರ ಹಿಂದಿನ ವರ್ಷ ಶೇ. 16ರಷ್ಟಿದ್ದರು, ಬೋನಸ್ ಬಂದ ವರ್ಷವೇ ಶೇ. 22ಕ್ಕೇರಿದರು, ಮುಂದೆ ಶೇ. 30 ದಾಟಿದರು. ಉದ್ದೇಶ ಈಡೇರಿತು. ಆದರೆ ಈಗಿನ ಪಾಯಿಂಟು ಪಟ್ಟಿಯಲ್ಲಿ ಅಂಚೊಂದು ಹರಿತವಾಗಿದೆ, ನೋಡಿ. ಶೇ. 40 ಬಂದರೆ ಎಚ್6 ಗ್ರೇಡ್, 46 ಪಾಯಿಂಟ್, ಬೋನಸ್ ಸೇರಿ 71. ಶೇ. 39 ಬಂದರೆ ಎಚ್7, 37 ಪಾಯಿಂಟ್, ಬೋನಸ್ ಇಲ್ಲ. ಒಂದು ಶೇಕಡಾ ಅಂಕಕ್ಕೆ 34 ಪಾಯಿಂಟ್ ಹೋಯಿತು. ಸಾಮಾನ್ಯ ಮಟ್ಟದ ಪತ್ರಿಕೆಯಲ್ಲಿ ಶೇ. 90 ಪಡೆದವರಿಗೂ 56 ಪಾಯಿಂಟೇ ಸಿಗುವುದರಿಂದ, 71ರ ಆಸೆಗೆ ಮೇಲ್ಮಟ್ಟಕ್ಕೆ ಜೋತುಬಿದ್ದು, ವಾರದ ಅರ್ಧ ಸಮಯ ಗಣಿತಕ್ಕೇ ಸುರಿದು, ಉಳಿದ ಐದು ವಿಷಯಗಳಲ್ಲಿ ಒಂದೊಂದು ಗ್ರೇಡ್ ಕಳೆದುಕೊಳ್ಳುವವರೂ ಇದ್ದಾರೆ. ಒಂದು ಗ್ರೇಡೆಂದರೆ ಸುಮಾರು 10 ಪಾಯಿಂಟ್. ಬೋನಸ್ಸಿನ 25 ಎಲ್ಲಿ ಹೋಯಿತೆಂದು ಗೊತ್ತಾಗುವುದಿಲ್ಲ. ಇನ್ನೊಂದು: ಗಣಿತ ಆ ಅತ್ಯುತ್ತಮ ಆರರೊಳಗೆ ಬಂದರೆ ಮಾತ್ರ ಬೋನಸ್ ಲೆಕ್ಕಕ್ಕೆ.

ಫ್ರಾನ್ಸಿನಲ್ಲಿ ಶಾಲೆಯ ಕೊನೆಯ ಪರೀಕ್ಷೆಯಾದ ಬಾಕಲೋರಿಯಾದ ವಿಜ್ಞಾನ ವಿಭಾಗ ‘ಎಸ್’ ರಾಜಮಾರ್ಗವಾಗಿತ್ತು. ಸಾಹಿತ್ಯ ಓದಬೇಕೆಂದಿದ್ದವರೂ ಮೊದಲು ಅಲ್ಲಿ ನುಗ್ಗುತ್ತಿದ್ದರು. ವಿಭಾಗಗಳನ್ನು ತೆಗೆದು ಮುಕ್ತ ಆಯ್ಕೆ ತಂದರು, 2021ರಲ್ಲಿ ಹೊಸ ಕ್ರಮದ ಮೊದಲ ಪರೀಕ್ಷೆ ನಡೆಯಿತು. ಗಣಿತ ಬಿಟ್ಟವರು, ಅದರಲ್ಲೂ ಹುಡುಗಿಯರು, ಎಷ್ಟಾದರೆಂದರೆ ಎರಡೇ ವರ್ಷದಲ್ಲಿ ಗಣಿತವನ್ನು ಎಲ್ಲರ ಪಾಠಪಟ್ಟಿಗೆ ಮತ್ತೆ ತುರುಕಬೇಕಾಯಿತು. ಫಿನ್‌ಲೆಂಡಿನಲ್ಲಿ 2020ರಿಂದ ವಿಶ್ವವಿದ್ಯಾಲಯಗಳು ಶಾಲೆಯ ಕೊನೆಯ ಪರೀಕ್ಷೆಯ ಗ್ರೇಡುಗಳಿಂದಲೇ ಹೆಚ್ಚಿನ ಸೀಟು ತುಂಬಲು ಶುರುಮಾಡಿದಾಗ, ಉನ್ನತ ಪಠ್ಯದ ಗಣಿತಕ್ಕೆ ಗಣಿತದ ಸಂಬಂಧವೇ ಇಲ್ಲದ ಪದವಿಗಳಲ್ಲೂ ಹೆಚ್ಚು ಅಂಕ ಸಿಗುತ್ತದೆ ಎಂಬ ದೂರು ಎದ್ದು, ಕಡೆಗೆ ಅಂಕಪಟ್ಟಿಯನ್ನು ತಿದ್ದಬೇಕಾಯಿತು.

ಈ ಮರ್ಯಾದೆ ಅನಾದಿಕಾಲದ್ದೇನೂ ಅಲ್ಲ. ಕೇಂಬ್ರಿಡ್ಜ್ 1919ರವರೆಗೆ, ಆಕ್ಸ್‌ಫರ್ಡ್ 1920ರವರೆಗೆ ಗ್ರೀಕ್ ಬಾರದವರನ್ನು ಒಳಗೆ ಬಿಡುತ್ತಿರಲಿಲ್ಲ. ಲ್ಯಾಟಿನ್‌ನ ಕಟ್ಟಳೆ ಹೋದದ್ದು 1960ರಲ್ಲಿ. ಅಲ್ಲಿಯವರೆಗೆ ರಸಾಯನಶಾಸ್ತ್ರ ಓದಹೋದವನೂ ಲ್ಯಾಟಿನ್ ವಾಕ್ಯ ಬಿಡಿಸಬೇಕಿತ್ತು. ಆಗ ಹಗುರ ಎಂದು ಬೈಸಿಕೊಂಡ ವಿಷಯ ಯಾವುದು ಗೊತ್ತೇ? ಇಂಗ್ಲಿಷ್ ಸಾಹಿತ್ಯ. ತಮ್ಮದೇ ಭಾಷೆಯ ಕಾದಂಬರಿ ಓದುವುದಕ್ಕೆ ಪರೀಕ್ಷೆ ಯಾಕೆ ಎಂಬುದು ಆಕ್ಷೇಪ. ಇವತ್ತು ಮೀಡಿಯಾ ಸ್ಟಡೀಸ್ ಕೇಳಿಸಿಕೊಳ್ಳುವ ಮಾತನ್ನೇ ಅದು ಅಂದು ಕೇಳಿಸಿಕೊಂಡಿತ್ತು.

ಹೆಸರು ಬದಲಾದರೂ ಮರ್ಯಾದೆ ಬದಲಾಗುತ್ತದೆ. ಇಂಗ್ಲೆಂಡಿನ ಶಾಲೆಗಳಲ್ಲಿ ಐಸಿಟಿ ಎಂಬ ವಿಷಯವಿತ್ತು: ಸ್ಪ್ರೆಡ್‌ಶೀಟ್, ಸ್ಲೈಡ್, ಡೇಟಾಬೇಸ್ ಬಳಸುವುದು. ಕಚೇರಿ ಗುಮಾಸ್ತಿಕೆ ಎಂದು ಅದನ್ನು ಮೂಗು ಮುರಿದೇ ನೋಡುತ್ತಿದ್ದರು. 2012ರ ಜನವರಿಯಲ್ಲಿ ರಾಯಲ್ ಸೊಸೈಟಿ ಅದರ ಪಾಠಕ್ರಮವನ್ನು ಕಟುವಾಗಿ ಟೀಕಿಸಿದ ವರದಿ ಕೊಟ್ಟಿತು, 2014ರಿಂದ ಕಂಪ್ಯೂಟಿಂಗ್ ಎಂಬ ಹೊಸ ಪಾಠಕ್ರಮ ಬಂತು, ಐಸಿಟಿ ಪರೀಕ್ಷೆ ಮುಚ್ಚಿಹೋಯಿತು. ಕಂಪ್ಯೂಟರ್ ಸೈನ್ಸ್‌ಗೆ ಶಾಲೆಗಳ ಅಳತೆಗೋಲಾದ ಇ-ಬ್ಯಾಕ್‌ನಲ್ಲಿ ಭೌತಶಾಸ್ತ್ರದ ಪಕ್ಕದಲ್ಲೇ ಕುರ್ಚಿ ಸಿಕ್ಕಿತು. ಮೇಜಿನ ಮೇಲಿನ ಯಂತ್ರ ಅದೇ. ಒಳಗಿನ ಪಾಠ ಬದಲಾದದ್ದು ನಿಜ, ಅಲ್ಗಾರಿದಂ ಬಂತು, ಬೈನರಿ ಬಂತು. ಅದರೊಡನೆ ಸ್ಪ್ರೆಡ್‌ಶೀಟನ್ನು ಚೆನ್ನಾಗಿ ಬಳಸಲು ಕಲಿಸುವ ಜಾಗವೂ ಹೋಯಿತು. ಅದು ಬಹಳ ಮಂದಿಗೆ ದಿನವೂ ಬೇಕಾಗುವ ವಿದ್ಯೆ.

ಪತ್ರಿಕೆಯ ಒಳಗೆ ಇಣುಕಿದರೆ ಇನ್ನೂ ಕೆಲವು ಸಂಗತಿ ಸಿಗುತ್ತವೆ. ಎ ಲೆವೆಲ್ ಜೀವಶಾಸ್ತ್ರದಲ್ಲಿ ಕನಿಷ್ಠ ಶೇ. 10 ಅಂಕ, ರಸಾಯನಶಾಸ್ತ್ರದಲ್ಲಿ ಶೇ. 20, ಭೌತಶಾಸ್ತ್ರದಲ್ಲಿ ಶೇ. 40 ಅಂಕ ಗಣಿತದ ಕೌಶಲಕ್ಕೇ ಮೀಸಲಿರಬೇಕೆಂಬ ನಿಯಮವಿದೆ. ಭೌತಶಾಸ್ತ್ರದ ಜೊತೆ ಗಣಿತ ತೆಗೆದುಕೊಳ್ಳದವರು ಯಾಕೆ ಮುಗ್ಗರಿಸುತ್ತಾರೆ ಎಂಬುದಕ್ಕೆ ಇದಕ್ಕಿಂತ ಬೇರೆ ವಿವರಣೆ ಬೇಕಿಲ್ಲ. ಅದೇ ನಿಯಮ ಅರ್ಥಶಾಸ್ತ್ರಕ್ಕೆ ಶೇ. 20, ಮನಃಶಾಸ್ತ್ರಕ್ಕೆ ಶೇ. 10. ಮನಃಶಾಸ್ತ್ರವನ್ನು ಸುಮ್ಮನೆ ಮನಸ್ಸಿನ ಬಗ್ಗೆ ಮಾತಾಡುವ ವಿಷಯ ಎಂದುಕೊಂಡು ಬಂದವರು ಅಂಕಿಅಂಶದ ಪರೀಕ್ಷೆಗಳನ್ನು ಕಂಡು ಬೆಚ್ಚುವುದು ಇಲ್ಲಿ. ಕಲೆಯ ವಿಷಯ ನೋಡಿ. ಶೇ. 60 ಅಂಕ ತಿಂಗಳುಗಟ್ಟಲೆ ಬೆಳೆಸಿದ ಸ್ವಂತ ಕೆಲಸಕ್ಕೆ, ಅದರ ಜೊತೆ ಸಾವಿರದಿಂದ ಮೂರು ಸಾವಿರ ಪದಗಳ ಬರಹ. ಉಳಿದ ಶೇ. 40 ಪರೀಕ್ಷಾ ಮಂಡಳಿ ಕೊಟ್ಟ ವಸ್ತುವಿಗೆ, ಕೊನೆಯಲ್ಲಿ ಮೇಲ್ವಿಚಾರಣೆಯಲ್ಲಿ 15 ಗಂಟೆ. ಸಮಯ ನುಂಗುವುದರಲ್ಲಿ ಇದನ್ನು ಮೀರಿಸುವ ವಿಷಯ ಕಡಿಮೆ. ಹಗುರ ಎಂದು ಮೂರನೆಯದಾಗಿ ಸೇರಿಸಿಕೊಂಡವರ ಬೇರೆ ಎರಡು ವಿಷಯ ಮಾರ್ಚ್ ತಿಂಗಳ ಹೊತ್ತಿಗೆ ಮುಳುಗಿರುತ್ತವೆ.

ಗಣಿತದ ಗೌರವಕ್ಕೆ ಯಾರೂ ಅಷ್ಟಾಗಿ ಹೇಳದ ಕಾರಣವೊಂದಿದೆ: ಅದನ್ನು ತಿದ್ದುವವರು ಒಬ್ಬರಿಗೊಬ್ಬರು ಒಪ್ಪುತ್ತಾರೆ. ಆಫ್‌ಕ್ವಾಲ್ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಿರಿಯ ಪರೀಕ್ಷಕರು ಕೊಡುತ್ತಿದ್ದ ಗ್ರೇಡೇ ವಿದ್ಯಾರ್ಥಿಗೆ ಸಿಕ್ಕುವ ಸಂಭವ ಗಣಿತದಲ್ಲಿ 0.96, ಇಂಗ್ಲಿಷ್ ಭಾಷೆ ಮತ್ತು ಸಾಹಿತ್ಯ ಕೂಡಿದ ಪತ್ರಿಕೆಯಲ್ಲಿ 0.52. ಪ್ರಬಂಧ ತಿದ್ದುವುದು ಸ್ವಭಾವತಃ ಹಾಗೆಯೇ, ಇಬ್ಬರು ಒಳ್ಳೆಯ ಓದುಗರು ಒಂದೆರಡು ಅಂಕ ಆಚೀಚೆ ಆಗುತ್ತಾರೆ, ಗ್ರೇಡಿನ ಗೆರೆ ಹತ್ತಿರವಿದ್ದರೆ ಅಷ್ಟೇ ಸಾಕು. ಇದು ಸಾಹಿತ್ಯ ಜೊಳ್ಳೆಂದು ತೋರಿಸುವುದಿಲ್ಲ. ಆದರೆ ಮೂರೂ ಪ್ರಬಂಧದ ವಿಷಯಗಳನ್ನೇ ಆರಿಸಿಕೊಂಡವರು ಓದಿನ ಹೊರೆಯ ಜೊತೆಗೆ ಈ ಅದೃಷ್ಟದಾಟವನ್ನೂ ಮೂರು ಸಲ ಆಡುತ್ತಿದ್ದಾರೆ ಎಂಬುದು ಗೊತ್ತಿರಲಿ.

ಆಯ್ಕೆಗೆ ಕೂತವರು ಹಾಳೆಯೊಂದನ್ನು ತೆಗೆದುಕೊಂಡು, ಮನಸ್ಸಿನಲ್ಲಿರುವ ನಾಲ್ಕೈದು ಪದವಿಗಳ ಅಧಿಕೃತ ಪ್ರವೇಶ ಪುಟಗಳನ್ನು ತೆರೆದು ಮೂರು ಕಲಂ ಹಾಕಿಕೊಳ್ಳುವುದು ಒಳ್ಳೆಯದು: ಕಡ್ಡಾಯ, ಇದ್ದರೆ ಒಳ್ಳೆಯದು, ಲೆಕ್ಕಕ್ಕಿಲ್ಲ. ಎರಡನೇ ಕಲಂ ಮೋಸದ್ದು. ಪೈಪೋಟಿ ಹೆಚ್ಚಿರುವ ಪದವಿಗಳಲ್ಲಿ ‘ಇದ್ದರೆ ಒಳ್ಳೆಯದು’ ಎಂದರೆ ಸೀಟು ಸಿಕ್ಕವರಲ್ಲಿ ಬಹುತೇಕರ ಬಳಿ ಅದು ಇದೆ ಎಂದೇ ಓದಿಕೊಳ್ಳಬೇಕು. ಕೇಂಬ್ರಿಡ್ಜಿನ ಗಣಿತದಂಥ ಕಡೆ ಫರ್ದರ್ ಮ್ಯಾಥ್ಸ್ ನೇರವಾಗಿ ಕಡ್ಡಾಯವೇ, ಅದರ ಮೇಲೆ ಸ್ಟೆಪ್ ಎಂಬ ಪ್ರತ್ಯೇಕ ಪರೀಕ್ಷೆ ಬೇರೆ. ಮೂರನೇ ಕಲಂ ಮರೆತು ಹೋಗುವಂಥದ್ದು. ಹಿಂದೆ ಜನರಲ್ ಸ್ಟಡೀಸ್, ಕ್ರಿಟಿಕಲ್ ಥಿಂಕಿಂಗ್ ಎಂಬ ಎ ಲೆವೆಲ್‌ಗಳಿದ್ದವು. ವಿಶ್ವವಿದ್ಯಾಲಯಗಳ ಅರ್ಜಿ ನೋಡಿಕೊಳ್ಳುವ ಸಂಸ್ಥೆಯಾದ ಯುಕಾಸ್‌ನ ಪಾಯಿಂಟು ಉಳಿದವಕ್ಕೆ ಸಿಗುವಷ್ಟೇ ಅವಕ್ಕೂ ಸಿಗುತ್ತಿತ್ತು, ಆದರೆ ಅನೇಕ ವಿಶ್ವವಿದ್ಯಾಲಯಗಳು ಅವನ್ನು ಎಣಿಸುತ್ತಲೇ ಇರಲಿಲ್ಲ. ಪಾಯಿಂಟಿನ ಕೋಷ್ಟಕ ವಿಷಯ ನೋಡುವುದಿಲ್ಲ. ಎ ಸ್ಟಾರ್‌ಗೆ 56, ಎಗೆ 48, ಬಿಗೆ 40, ಯಾವ ವಿಷಯವಾದರೂ ಇಷ್ಟೇ. ವಿಷಯ ನೋಡುವುದು ಪ್ರವೇಶ ಕೊಡುವವರ ಕಣ್ಣು. ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್ ಬಹುಕಾಲ ‘ಅಷ್ಟಾಗಿ ಬಯಸದ ವಿಷಯ’ಗಳ ಪಟ್ಟಿ ಇಟ್ಟುಕೊಂಡಿತ್ತು, ಅದರಲ್ಲಿ ಲೆಕ್ಕಶಾಸ್ತ್ರವೂ ಇತ್ತು, ಕಾನೂನೂ ಇತ್ತು, ಎರಡರಲ್ಲೂ ಆ ಸಂಸ್ಥೆಯೇ ಪದವಿ ಕೊಡುತ್ತದೆ! ಅಂಥ ವಿಷಯ ಮೂರರಲ್ಲಿ ಒಂದಿದ್ದರೆ ತೊಂದರೆಯಿಲ್ಲ, ಎರಡಾದರೆ ಕಷ್ಟ ಎಂಬುದು ಅದರ ತಿರುಳು. ಒಂದು ಅಥವಾ ಎರಡು ಎಂಬ ಈ ಎಣಿಕೆ ಈಗಲೂ ಒಳ್ಳೆಯ ಅಂದಾಜು.

ಒಂದರ ಮೇಲೊಂದು ಬೀಳುವ ಜೋಡಿಗಳನ್ನೂ ನೋಡಿಕೊಳ್ಳಬೇಕು. ಅರ್ಥಶಾಸ್ತ್ರ ಮತ್ತು ಬಿಸಿನೆಸ್ ಒಟ್ಟಿಗೆ ಇದ್ದರೆ ಎರಡರ ಹರವು ಒಂದೂವರೆಯಷ್ಟೇ ಎಂದು ಓದುವವರಿದ್ದಾರೆ. ಹೆಸರಿನ ಬಲೆಗಳು ಇನ್ನೊಂದು ತರಹ. ಹಲವು ದೇಶಗಳ ಶಾಲೆಗಳಲ್ಲಿ ನಡೆಯುವ ಇಂಟರ್‌ನ್ಯಾಷನಲ್ ಬಾಕಲೋರಿಯಾದಲ್ಲಿ 2021ರಿಂದ ಎರಡು ಗಣಿತಗಳ ಪರೀಕ್ಷೆ ನಡೆಯುತ್ತಿದೆ, ಒಂದು ಅನಾಲಿಸಿಸ್ ಅಂಡ್ ಅಪ್ರೋಚಸ್, ಇನ್ನೊಂದು ಅಪ್ಲಿಕೇಷನ್ಸ್ ಅಂಡ್ ಇಂಟರ್‌ಪ್ರಿಟೇಷನ್. ಎರಡರಲ್ಲೂ 7ಕ್ಕೆ 7 ಬರಬಹುದು. ಆದರೆ ಎರಡನೆಯದರ ಸ್ಟ್ಯಾಂಡರ್ಡ್ ಎಂಬ ಕೆಳಗಿನ ಮಟ್ಟವನ್ನು ಎಂಜಿನಿಯರಿಂಗ್ ವಿಭಾಗಗಳು ಸಾಮಾನ್ಯವಾಗಿ ಒಪ್ಪುವುದಿಲ್ಲ. ಭಾರತದ ಸಿಬಿಎಸ್‌ಇ 2020ರಿಂದ ಹತ್ತನೇ ತರಗತಿಗೆ ತಂದ ಬೇಸಿಕ್ ಮತ್ತು ಸ್ಟ್ಯಾಂಡರ್ಡ್ ಗಣಿತದ ವ್ಯತ್ಯಾಸವೂ ಇದೇ ಜಾತಿಯದು. ಪಾಠ ಒಂದೇ, ಪ್ರಶ್ನೆಪತ್ರಿಕೆ ಬೇರೆ, ನಿಯಮ ಬಂದಾಗ ಮುಂದಿನ ಬಾಗಿಲೂ ಬೇರೆಯಿತ್ತು.

ವಿಷಯದ ಮರ್ಯಾದೆಗಾಗಿ ಗ್ರೇಡನ್ನು ಎಷ್ಟರವರೆಗೆ ಬಲಿಕೊಡಬಹುದು? ಕಡ್ಡಾಯ ವಿಷಯವಾಗಿದ್ದರೆ ಬೇರೆ ದಾರಿಯಿಲ್ಲ. ಕಡ್ಡಾಯವಲ್ಲದಿದ್ದರೆ, ಭೌತಶಾಸ್ತ್ರದ ಸಿ ಗ್ರೇಡಿಗಿಂತ ಭೂಗೋಳದ ಎ ಗ್ರೇಡ್ ಯಾವತ್ತೂ ಹೆಚ್ಚು ದೂರ ಕೊಂಡೊಯ್ಯುತ್ತದೆ, ಏಕೆಂದರೆ ಸೀಟಿನ ಷರತ್ತು ಬರುವುದು ಗ್ರೇಡಿನ ಲೆಕ್ಕದಲ್ಲಿ: ಎ, ಎ, ಬಿ ಎಂದಿದ್ದರೆ ಎ, ಎ, ಬಿ. ಸಿ ಬಂದದ್ದು ಗಟ್ಟಿ ವಿಷಯದಲ್ಲಿ ಎಂದು ಫಲಿತಾಂಶದ ದಿನ ವಾದ ಮಾಡಿ ಪ್ರಯೋಜನವಿಲ್ಲ. ನಾಲ್ಕನೇ ಎ ಲೆವೆಲ್ ಸೇರಿಸಿಕೊಂಡು ಮಿಂಚುವ ಯೋಚನೆಯೂ ಬಹುಪಾಲು ವ್ಯರ್ಥ. ಷರತ್ತು ಸಾಮಾನ್ಯವಾಗಿ ಮೂರಕ್ಕೇ ಇರುತ್ತದೆ. ಫರ್ದರ್ ಮ್ಯಾಥ್ಸ್ ನಾಲ್ಕನೆಯದಾಗುವಾಗ ಮಾತ್ರ ಅದಕ್ಕೆ ಅರ್ಥವುಂಟು.

ಕೊನೆಯ ಕೆಲಸ ಎರಡು ಗಂಟೆಯದು, ಖರ್ಚಿಲ್ಲದ್ದು, ಆದರೂ ಮಾಡುವವರು ಕಡಿಮೆ. ಪರೀಕ್ಷಾ ಮಂಡಳಿಗಳು ಹಿಂದಿನ ಪ್ರಶ್ನೆಪತ್ರಿಕೆ, ಅಂಕ ಕೊಡುವ ಸೂಚಿ ಮತ್ತು ಪರೀಕ್ಷಕರ ವರದಿ ಮೂರನ್ನೂ ತಮ್ಮ ಜಾಲತಾಣದಲ್ಲಿ ಇಟ್ಟಿರುತ್ತವೆ. ವಿಷಯ ಆರಿಸುವ ಮೊದಲೇ ಒಂದು ಪತ್ರಿಕೆ ಇಳಿಸಿಕೊಂಡು, ಉತ್ತರ ಗೊತ್ತಿರದಿದ್ದರೂ ಪರವಾಗಿಲ್ಲ, ಅಂಕಗಳು ಎಲ್ಲಿ ಬಿದ್ದಿವೆ ನೋಡಿ: ನೆನಪಿಗೆ ಎಷ್ಟು, ಲೆಕ್ಕಕ್ಕೆ ಎಷ್ಟು, ಉದ್ದ ಬರಹಕ್ಕೆ ಎಷ್ಟು. ಆಮೇಲೆ ಪರೀಕ್ಷಕರ ವರದಿ ಓದಿ. ಬಹಳಷ್ಟು ವಿದ್ಯಾರ್ಥಿಗಳು ಇಲ್ಲಿ ವಿವರಣೆ ಕೊಟ್ಟರು, ಕೇಳಿದ್ದು ವಿಮರ್ಶೆ ಎಂಬ ಬಗೆಯ ಸಾಲುಗಳು ಅದರಲ್ಲಿ ಪುಟಪುಟಕ್ಕೂ ಸಿಗುತ್ತವೆ. ಹಗುರವೆಂದು ಹೆಸರಾದ ವಿಷಯಗಳ ವರದಿಗಳಲ್ಲೂ ಅವು ಕಡಿಮೆಯೇನಿಲ್ಲ.